ಬಂದು ಹೋಗುವ ಎಂಜಿನ್ ದೀಪ: ಹಳೆಯ ಕಾರಿನ ಆಕ್ಸಿಜನ್ ಸೆನ್ಸರ್ ಬಗ್ಗೆ ನಾಲ್ಕು ಮಾತು

(ನಮ್ಮ ಬಳಗದ ಯುಗಾದಿ ಕೂಟದಲ್ಲಿ ಊಟದ ನಂತರ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಹೋಳಿಗೆ ಊಟ ಆದ ಮೇಲೆ ಕಾರಿನ ವೈರಿನ ಬಗ್ಗೆ ಮಾತಾಡು ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಿದ್ದೆ ಬಂದವರು ಧಾರಾಳವಾಗಿ ಕಣ್ಣು ಮುಚ್ಚಬಹುದು. ಹತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಇಟ್ಟುಕೊಂಡವರು ಮಾತ್ರ ದಯವಿಟ್ಟು ಎಚ್ಚರವಾಗಿರಿ.

ನಾನು ಊರಲ್ಲಿ ಐಟಿಐ ಮಾಡಿ, ಇಲ್ಲಿಗೆ ಬಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ದುಡಿಯುತ್ತಿರುವವನು. ನಮ್ಮವರು ಭಾನುವಾರ ಫೋನ್ ಮಾಡಿದರೆ ಹತ್ತರಲ್ಲಿ ಆರು ಸಲ ಒಂದೇ ಮಾತು: “ಅಣ್ಣಾ, ಎಂಜಿನ್ ಲೈಟ್ ಬಂತು. ನಿನ್ನೆ ಇತ್ತು, ಇವತ್ತು ಇಲ್ಲ. ಏನ್ಮಾಡ್ಲಿ?” ಸ್ಕ್ಯಾನರ್ ಹಾಕಿ ನೋಡಿದರೆ ಅದರಲ್ಲಿ ಬಹಳಷ್ಟು ಆಕ್ಸಿಜನ್ ಸೆನ್ಸರಿನ ಕೋಡು. ಇಲ್ಲಿನವರು ಅದನ್ನು ಲಾಂಬ್ಡಾ-ಸೊಂಡೆ ಅನ್ನುತ್ತಾರೆ. ಗ್ಯಾರೇಜಿನ ಬಿಲ್ಲಿನಲ್ಲಿ ಆ ಹೆಸರು ಕಂಡರೆ ಇದೇ ವಸ್ತು ಅಂತ ತಿಳಿದುಕೊಳ್ಳಿ.

ಇವತ್ತು ನಾನು ಹೇಳಬೇಕಾದ ಮಾತು ಒಂದೇ. ಕೋಡಿನಲ್ಲಿ ಸೆನ್ಸರಿನ ಹೆಸರು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ದೂರು ಕೊಟ್ಟವನನ್ನೇ ಕಳ್ಳ ಅಂತ ಹಿಡಿದುಕೊಂಡು ಹೋದ ಹಾಗೆ ಆಗುತ್ತದೆ. ಅದರಲ್ಲೂ ಬಂದು ಹೋಗುವ ತೊಂದರೆಯಲ್ಲಿ “ಏನು ಕೆಟ್ಟಿದೆ” ಅಂತ ಕೇಳುವ ಮೊದಲು “ಯಾವಾಗ ಕೆಡುತ್ತದೆ” ಅಂತ ಕೇಳಬೇಕು. ಆ ಪ್ರಶ್ನೆಗೆ ಉತ್ತರ ಮೆಕ್ಯಾನಿಕ್ ಹತ್ತಿರ ಇರುವುದಿಲ್ಲ, ದಿನಾ ಓಡಿಸುವ ನಿಮ್ಮ ಹತ್ತಿರ ಇರುತ್ತದೆ.

ಆ ಸೆನ್ಸರ್ ಮಾಡುವ ಕೆಲಸ

ಸೌದೆ ಒಲೆ ಉರಿಸಿದವರಿಗೆ ಇದು ಸುಲಭ. ಗಾಳಿ ಸಾಲದಿದ್ದರೆ ಒಲೆ ಹೊಗೆಯಾಡುತ್ತದೆ, ಊದುಕೊಳವೆಯಲ್ಲಿ ಊದಿದರೆ ಉರಿ ಹತ್ತುತ್ತದೆ. ಎಂಜಿನ್ನಿಗೂ ಅದೇ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಹದಕ್ಕೆ ಲಾಂಬ್ಡಾ 1 ಅನ್ನುತ್ತಾರೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಹದ ಈ ಗೆರೆಯ ಆಚೀಚೆಯೇ ಇರಬೇಕು. ಪೆಟ್ರೋಲ್ ಜಾಸ್ತಿಯಾಗಿ ಬಹಳ ದಿನ ಓಡಿದರೆ ಕ್ಯಾಟಲಿಟಿಕ್ ಕನ್ವರ್ಟರೇ ಹಾಳಾಗುತ್ತದೆ. ಹಳೆಯ ಕಾರಿನಲ್ಲಿ ಅದನ್ನು ಬದಲಿಸುವ ಖರ್ಚಿಗೆ ಕಾರನ್ನೇ ಗುಜರಿಗೆ ಕೊಟ್ಟವರಿದ್ದಾರೆ.

ಹದ ನೋಡಿ ಹೇಳುವ ಕೆಲಸ ಆಕ್ಸಿಜನ್ ಸೆನ್ಸರಿನದು. ಬಾಷ್ ಕಂಪನಿ ಇದನ್ನು 1976ರಲ್ಲಿ ತಯಾರಿಸಲು ಶುರು ಮಾಡಿತು. ಮೊದಲು ಹಾಕಿದ್ದು ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಿಗೆ. ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತು ಇದೆ. ಅದರ ಒಂದು ಬದಿಗೆ ಎಕ್ಸಾಸ್ಟ್ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿ ಇದ್ದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿ ಇದ್ದರೆ 0.1 ವೋಲ್ಟ್. ಬಿಸಿಯಾದ ಒಳ್ಳೆಯ ಎಂಜಿನ್ನಿನಲ್ಲಿ ಈ ಅಂಕಿ ಮೇಲೆ ಕೆಳಗೆ ಉಯ್ಯಾಲೆ ಆಡುತ್ತಲೇ ಇರಬೇಕು.

ಇದು ಸುಮಾರು 300 ಡಿಗ್ರಿ ಬಿಸಿಯಾಗದೆ ಮಾತಾಡುವುದಿಲ್ಲ. ಅದಕ್ಕೇ ಒಳಗೆ ಒಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಆ ಹೀಟರಿಗೆ ಕರೆಂಟ್ ಸಿಗದಿದ್ದರೆ ಸೆನ್ಸರ್ ಹೊಗೆಯ ಬಿಸಿಗಾಗಿ ಕಾಯುತ್ತಾ ಕೂರುತ್ತದೆ. ಅಲ್ಲಿಯ ತನಕ ಕಂಪ್ಯೂಟರ್ ಅಂದಾಜಿನಲ್ಲೇ ಪೆಟ್ರೋಲ್ ಸುರಿಯುತ್ತದೆ. ಜನವರಿಯ ಚಳಿಯಲ್ಲಿ ಮಗುವನ್ನು ಎರಡು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವ ಕಾರಿನ ಕಥೆ ನೀವೇ ಊಹಿಸಿ. ಇಡೀ ದಾರಿ ಅಂದಾಜಿನ ಓಟವೇ.

ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲು ಇರುವುದು ಒಂದನೇ ಸೆನ್ಸರ್, ನಂತರ ಇರುವುದು ಎರಡನೇದು. ಮೊದಲನೆಯದು ಹದ ನೋಡುತ್ತದೆ, ಎರಡನೆಯದು ಕನ್ವರ್ಟರಿನ ಕೆಲಸ ನೋಡುತ್ತದೆ. ಎರಡನೆಯದರ ವೋಲ್ಟೇಜ್ ಹೆಚ್ಚು ಆಡದೆ ನಿಂತಿರಬೇಕು.

ಕೋಡು ಏನು ಹೇಳುತ್ತದೆ

ಯುರೋಪಿನಲ್ಲಿ 2001ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಇಒಬಿಡಿ ಕಡ್ಡಾಯ. ಸ್ಟೀರಿಂಗ್ ಕೆಳಗೆ ಎಲ್ಲೋ 16 ಪಿನ್ನಿನ ಸಾಕೆಟ್ ಇರುತ್ತದೆ. ಒಂದು ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಫೋನಿನಲ್ಲೇ ಕೋಡು ಓದಬಹುದು.

ಒಂದನೇ ಸೆನ್ಸರಿನ ಕೋಡುಗಳನ್ನು ನೋಡಿ. ಪಿ0130 ಅಂದರೆ ಆ ಸರ್ಕ್ಯೂಟಿನಲ್ಲಿ ತೊಂದರೆ. ಪಿ0131 ವೋಲ್ಟೇಜ್ ಕಡಿಮೆ, ಪಿ0132 ಜಾಸ್ತಿ. ಪಿ0133 ನಿಧಾನ. ಪಿ0134 ಮಾತೇ ಇಲ್ಲ. ಪಿ0135 ಹೀಟರ್ ಸರ್ಕ್ಯೂಟ್. ಎರಡನೇ ಸೆನ್ಸರಿನ ಹೀಟರಿಗೆ ಪಿ0141. ಇಲ್ಲಿ “ಸರ್ಕ್ಯೂಟ್” ಅನ್ನುವ ಪದ ಗಮನಿಸಿ. ಸರ್ಕ್ಯೂಟ್ ಅಂದರೆ ಫ್ಯೂಸಿನಿಂದ ಹಿಡಿದು ವೈರು, ಕನೆಕ್ಟರ್, ಸೆನ್ಸರ್, ಮತ್ತೆ ಕಂಪ್ಯೂಟರ್ ತನಕ ಇಡೀ ದಾರಿ. ಆ ದಾರಿಯಲ್ಲಿ ಎಲ್ಲಿ ಗುಂಡಿ ಬಿದ್ದಿದ್ದರೂ ಕೋಡು ಅದೇ.

ಇನ್ನು ದೀಪ ಬಂದು ಹೋಗುವುದು ಯಾಕೆ? ಹೆಚ್ಚಿನ ತೊಂದರೆಗಳಲ್ಲಿ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಮೊದಲ ಸಲ ಕಂಡದ್ದನ್ನು ಬಾಕಿ ಕೋಡು ಅಂತ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಟದಲ್ಲೂ ಕಂಡರೆ ದೀಪ ಹಚ್ಚುತ್ತದೆ. ಆಮೇಲೆ ಸತತ ಮೂರು ಓಟದಲ್ಲಿ ತೊಂದರೆ ಕಾಣದಿದ್ದರೆ ದೀಪ ತಾನಾಗಿಯೇ ಆರುತ್ತದೆ. ಆದರೆ ಕೋಡು ಮಾತ್ರ ಎಂಜಿನ್ ಸುಮಾರು 40 ಸಲ ತಣ್ಣಗಾಗಿ ಬಿಸಿಯಾಗುವ ತನಕ ನೆನಪಿನಲ್ಲೇ ಇರುತ್ತದೆ. ಅಂದರೆ ದೀಪ ಆರಿದ ದಿನವೂ ಓದಿದರೆ ಸುದ್ದಿ ಸಿಗುತ್ತದೆ.

ಕೋಡಿನ ಜೊತೆಗೆ ಇನ್ನೊಂದು ಚೀಟಿ ಇರುತ್ತದೆ, ಫ್ರೀಜ್ ಫ್ರೇಮ್ ಅಂತ. ತೊಂದರೆ ಕಂಡ ಗಳಿಗೆಯಲ್ಲಿ ಕಾರಿನ ವೇಗ ಎಷ್ಟು, ಎಂಜಿನ್ ಎಷ್ಟು ಬಿಸಿ, ಆರ್‌ಪಿಎಂ ಎಷ್ಟು ಅಂತ ಎಲ್ಲ ಅದರಲ್ಲಿ ಬರೆದಿರುತ್ತದೆ. ನಮ್ಮವರಲ್ಲಿ ಬಹಳ ಜನ ಮಾಡುವುದೇನು? ಅಡಾಪ್ಟರ್ ಹಾಕಿದ ತಕ್ಷಣ “ಕ್ಲಿಯರ್” ಒತ್ತುತ್ತಾರೆ. ದೀಪ ಆರಿತು ಅಂತ ಸಂತೋಷ. ಆದರೆ ಸಾಕ್ಷಿಯೂ ಅಲ್ಲೇ ಅಳಿಸಿಹೋಯಿತು. ದಯವಿಟ್ಟು ಹಾಗೆ ಮಾಡ್ಬೇಡಿ. ಮೊದಲು ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಉದಾಹರಣೆ

ಆಲ್ಮೇರೆಯಲ್ಲಿರುವ ನಮ್ಮ ಗೆಳೆಯರೊಬ್ಬರ ಕಾರಿನ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. 2006ರ ಸಣ್ಣ ಪೆಟ್ರೋಲ್ ಕಾರು. ಅವರ ಹೆಂಡತಿಗೆ ಗೋದಾಮಿನಲ್ಲಿ ಬೆಳಗಿನ ಪಾಳಿ, ಆ ಹೊತ್ತಿಗೆ ಬಸ್ ಇಲ್ಲ. ಕಾರು ನಿಂತರೆ ಸಂಬಳ ನಿಂತ ಹಾಗೆ. ಎಪಿಕೆ ಮುಗಿಯಲು ಐದು ವಾರ ಬಾಕಿ. ದೀಪ ಬರುತ್ತದೆ, ವಾರ ಇರುತ್ತದೆ, ಹೋಗುತ್ತದೆ. ಕೋಡು ಪಿ0135. ಒಂದು ಕಡೆ ತೋರಿಸಿದ್ದರು, ಹೊಸ ಸೆನ್ಸರ್ ಹಾಕಿ ಕೂಲಿ ಸೇರಿ 190 ಯೂರೋ ತೆಗೆದುಕೊಂಡಿದ್ದರು. ಮೂರು ವಾರಕ್ಕೆ ದೀಪ ವಾಪಸ್. ಈಗ “ಕಂಪ್ಯೂಟರೇ ಹೋಗಿರಬೇಕು” ಅಂತ ಇನ್ನೊಂದು ಮಾತು ಬಂದಿತ್ತು. ಆ ಹೊತ್ತಿಗೆ ನನಗೆ ಫೋನ್ ಮಾಡಿದರು.

ನಾನು ಮೊದಲು ಕೊಟ್ಟ ಕೆಲಸ ಒಂದು ನೋಟ್‌ಬುಕ್ ಇಡಿ ಅಂತ. ಅಡಾಪ್ಟರ್ ಸಿಕ್ಕಿಸಿಯೇ ಇಟ್ಟು, ಬಾಕಿ ಕೋಡು ಕಂಡಾಗಲೆಲ್ಲ ದಿನ, ಹೊತ್ತು, ಮಳೆಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಬಿಸಿಯೋ, ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಇಷ್ಟು ಬರೆಯಬೇಕು. ಬರೆದ ಮೇಲೆ ಫೋಟೋ ತೆಗೆದು, ಆಮೇಲೆ ಅಳಿಸಿ, ಮುಂದಿನದಕ್ಕೆ ಕಾಯಬೇಕು. ಎರಡು ವಾರದಲ್ಲಿ ಏಳು ಸಲ ಬಂತು. ನಾಲ್ಕು ಸಲ ಮಳೆ ಇತ್ತು, ಹಾಗಾಗಿ ಅವರಿಗೆ ನೀರಿನ ಮೇಲೆ ಅನುಮಾನ. ಆದರೆ ಅದೇ ಮಳೆಯಲ್ಲಿ ಸಂಜೆ ಕೆಲಸದ ಜಾಗದಿಂದ ಹೊರಟಾಗ ಒಂದು ಸಲವೂ ಬಂದಿರಲಿಲ್ಲ. ಏಳಕ್ಕೆ ಏಳೂ ಬೆಳಿಗ್ಗೆ, ಮನೆಯ ಮುಂದೆ. ಫ್ರೀಜ್ ಫ್ರೇಮಿನಲ್ಲಿ ವೇಗ 4, 6, 5 ಕಿಲೋಮೀಟರ್. ಎಂಜಿನ್ ತಣ್ಣಗೆ.

ಮನೆಯ ಮುಂದೆ ಇದೆ, ಕೆಲಸದ ಜಾಗದಲ್ಲಿ ಇಲ್ಲ. ಹಾಗಾದರೆ ವ್ಯತ್ಯಾಸ ಏನು ಅಂತ ಕೇಳಿದೆ. ಮನೆಯ ಮುಂದೆ ಮೂತಿ ಒಳಗೆ ಮಾಡಿ ನಿಲ್ಲಿಸುತ್ತಾರೆ, ಬೆಳಿಗ್ಗೆ ರಿವರ್ಸ್ ತೆಗೆಯಬೇಕು. ಕೆಲಸದ ಜಾಗದಲ್ಲಿ ನೇರ ಮುಂದಕ್ಕೆ ಹೊರಡುತ್ತಾರೆ. ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಎಂಜಿನ್ ತನ್ನ ಮೌಂಟಿಂಗಿನ ಮೇಲೆ ಮುಂದಕ್ಕೆ ಹೋಗುವಾಗಿನ ವಿರುದ್ಧ ದಿಕ್ಕಿಗೆ ವಾಲುತ್ತದೆ. ಮೌಂಟಿಂಗಿನ ರಬ್ಬರ್ ಹಳೆಯದಾಗಿದ್ದರೆ ಇನ್ನೂ ಜಾಸ್ತಿ. ಅಂದರೆ ಎಂಜಿನ್ ವಾಲಿದಾಗ ಯಾವುದೋ ವೈರು ಎಳೆದುಕೊಳ್ಳುತ್ತಿದೆ.

ಭಾನುವಾರ ಬಾನೆಟ್ ಎತ್ತಿ ನೋಡಿದೆವು. ಫ್ಯೂಸ್ ಸರಿ ಇತ್ತು. ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಹೀಟರಿನ ಎರಡು ವೈರಿನ ನಡುವೆ ಮಲ್ಟಿಮೀಟರ್ ಹಿಡಿದರೆ 6 ಓಮ್. ಆ ಸೆನ್ಸರಿಗೆ ಅದು ಸರಿಯಾದ ಲೆಕ್ಕ. ಸೆನ್ಸರ್ ನಿರಪರಾಧಿ. ನಂತರ ಕಾರಿನ ಕಡೆಯ ಕನೆಕ್ಟರಿಗೆ 12 ವೋಲ್ಟಿನ ಸಣ್ಣ ಬಲ್ಬು ಕಟ್ಟಿ, ಎಂಜಿನ್ ಚಾಲೂ ಮಾಡಿ, ವೈರನ್ನು ಇಂಚಿಂಚಾಗಿ ಅಲ್ಲಾಡಿಸಿದೆ. ಒಂದು ಜಾಗದಲ್ಲಿ ಎಳೆದಾಗ ಬಲ್ಬು ಮಿಣುಕಿತು. ವೈರನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದು ಯಾವ ಕಾಲವಾಗಿತ್ತೋ. ವೈರಿನ ಭಾರ ಎಲ್ಲ ಕನೆಕ್ಟರಿನ ಮೇಲೆ ಬಿದ್ದು, ಒಳಗಿನ ಒಂದು ಪಿನ್ ಅಗಲವಾಗಿತ್ತು. ಎಂಜಿನ್ ವಾಲಿದರೆ ಪಿನ್ ಬಿಡುತ್ತದೆ, ನೆಟ್ಟಗಾದರೆ ಮತ್ತೆ ಸೇರುತ್ತದೆ.

ಹೊಸ ಪಿನ್ ಹಾಕಿ ಕ್ರಿಂಪ್ ಮಾಡಿದೆವು, ವೈರಿಗೆ ಸ್ವಲ್ಪ ಸಡಿಲ ಬಿಟ್ಟು ಹೊಸ ಕ್ಲಿಪ್ ಹಾಕಿದೆವು. ಸಾಮಾನಿಗೆ ಹತ್ತು ಯೂರೋ ಒಳಗೆ. ಎಂಜಿನ್ ಮೌಂಟಿಂಗ್ ಅನ್ನು ಮುಂದಿನ ತಿಂಗಳ ಸಂಬಳಕ್ಕೆ ಬದಲಿಸಿದರು. ಎಪಿಕೆ ಪಾಸಾಯಿತು, ದೀಪ ಮತ್ತೆ ಬಂದಿಲ್ಲ. ತೆಗೆದು ಹಾಕಿದ ಹಳೆಯ ಸೆನ್ಸರನ್ನು ಅವರು ಡಿಕ್ಕಿಯಲ್ಲೇ ಇಟ್ಟಿದ್ದರು. ಅಳೆದು ನೋಡಿದರೆ ಅದರ ಹೀಟರೂ ಚೆನ್ನಾಗಿಯೇ ಇತ್ತು.

ನಿಮ್ಮ ಕಾರಿನಲ್ಲಿ ಕಾರಣ ಬೇರೆ ಇರಬಹುದು, ಆದರೆ ಹುಡುಕುವ ದಾರಿ ಇದೇ.

ಬೇರೆ ಕಾರಣಗಳು

ನೋಟ್‌ಬುಕ್ಕಿನಲ್ಲಿ ಏನು ಕಂಡರೆ ಎಲ್ಲಿ ನೋಡಬೇಕು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಮಳೆ ಅಥವಾ ಚಳಿಗಾಲದಲ್ಲಿ ಮಾತ್ರ ಬಂದರೆ ಕನೆಕ್ಟರ್ ನೋಡಿ. ಇಲ್ಲಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಕಾರಿನ ಕೆಳಗಿರುವ ಎರಡನೇ ಸೆನ್ಸರಿನ ಕನೆಕ್ಟರಿಗೆ ಆ ಉಪ್ಪುನೀರು ಸೇರಿದರೆ ಪಿನ್ನುಗಳು ಹಸಿರುಗಟ್ಟುತ್ತವೆ.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇದ್ದಕ್ಕಿದ್ದಂತೆ ಶುರುವಾದರೆ ವೈರಿನ ಮೇಲೆ ಹಲ್ಲಿನ ಗುರುತು ಇದೆಯೇ ನೋಡಿ. ನಗಬೇಡಿ. ಈ ದೇಶದಲ್ಲಿ ಸ್ಟೇನ್‌ಮಾರ್ಟರ್ ಅಂತ ಮುಂಗುಸಿಯಂಥ ಪ್ರಾಣಿ ಇದೆ. ಪೂರ್ವದ ಪ್ರಾಂತ್ಯಗಳಲ್ಲಿ, ಗೆಲ್ಡರ್‌ಲ್ಯಾಂಡ್, ಓವರೈಸೆಲ್ ಕಡೆ ಬಹಳ. ಬೆಚ್ಚಗಿನ ಎಂಜಿನ್ ಹತ್ತಿರ ಬಂದು ಕೂತು ವೈರು, ರಬ್ಬರ್ ಕೊಳವೆ ಎಲ್ಲ ಕಚ್ಚುತ್ತದೆ. ಕಾನೂನಿನ ರಕ್ಷಣೆ ಇರುವ ಪ್ರಾಣಿ, ಅದಕ್ಕೆ ತೊಂದರೆ ಕೊಡುವಂತಿಲ್ಲ. ಕೆಲವು ವಿಮೆಗಳಲ್ಲಿ ಈ ಹಾನಿ ಸೇರಿರುತ್ತದೆ, ನಿಮ್ಮ ಪಾಲಿಸಿ ತೆಗೆದು ಓದಿ.

ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಸದ್ದಿಲ್ಲ, ಜೊತೆಗೆ ಪಿ0131 ಅಥವಾ ಪಿ0171 ಇದ್ದರೆ ಸೆನ್ಸರಿನ ಮೊದಲು ಎಕ್ಸಾಸ್ಟಿನಲ್ಲಿ ಬಿರುಕು ಇರಬಹುದು. ಆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಬಂದು ಸೆನ್ಸರಿಗೆ ಸುಳ್ಳು ಸುದ್ದಿ ಹೇಳುತ್ತದೆ. ಸೆನ್ಸರ್ ನಿಜವನ್ನೇ ವರದಿ ಮಾಡುತ್ತದೆ, ಆದರೆ ಅಲ್ಲಿಗೆ ಬಂದ ಗಾಳಿಯೇ ಬೇರೆ.

ಫೋನಿನ ಆ್ಯಪ್‌ನಲ್ಲಿ ಫ್ಯುಯೆಲ್ ಟ್ರಿಮ್ ಅಂತ ಎರಡು ಅಂಕಿ ಕಾಣುತ್ತವೆ. ಹದ ಸರಿಮಾಡಲು ಕಂಪ್ಯೂಟರ್ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಅನ್ನುವ ಶೇಕಡಾವಾರು ಅದು. ನಿಂತಲ್ಲಿ ಜಾಸ್ತಿ ಇದ್ದು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ ಇಳಿದರೆ ಯಾವುದೋ ರಬ್ಬರ್ ಕೊಳವೆ ಒಡೆದು ಗಾಳಿ ನುಗ್ಗುತ್ತಿದೆ. ಹೆದ್ದಾರಿಯ ಓಟದಲ್ಲಿ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರ್, ಗಾಳಿ ಅಳೆಯುವ ಸೆನ್ಸರ್ ನೋಡಬೇಕು.

ಇಷ್ಟೆಲ್ಲ ನೋಡಿ ಏನೂ ಸಿಗದೆ, ವೋಲ್ಟೇಜ್ ಉಯ್ಯಾಲೆ ನಿಧಾನವಾಗಿ ಪಿ0133 ಪದೇ ಪದೇ ಬಂದರೆ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಸೆನ್ಸರ್ ನಿಜವಾಗಿಯೂ ಮುದಿಯಾಗಿದೆ. ಆಗ ಧೈರ್ಯವಾಗಿ ಬದಲಿಸಿ.

ಬದಲಿಸುವಾಗ ಎಚ್ಚರ

ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಬಿಚ್ಚಿದರೆ ಸುಲಭ. ಕೆಂಡದಂತೆ ಇರುವಾಗ ಮುಟ್ಟಬೇಡಿ. ಸಾಮಾನ್ಯವಾಗಿ 22ರ ಸ್ಪ್ಯಾನರ್ ಬೇಕು. ತುದಿಗೆ ಗ್ರೀಸ್, ಎಣ್ಣೆ ಸೋಕಬಾರದು. ಹತ್ತಿರದಲ್ಲಿ ಮಾಮೂಲಿ ಸಿಲಿಕೋನ್ ಪೇಸ್ಟ್ ಬಳಸಬೇಡಿ, ಅದರ ಆವಿ ಸೆನ್ಸರಿಗೆ ವಿಷ. ಬಹಳಷ್ಟು ಸೆನ್ಸರುಗಳು ಹೊರಗಿನ ಗಾಳಿಯನ್ನು ತಮ್ಮ ವೈರಿನ ಒಳಗಿನ ಸಂದಿನ ಮೂಲಕವೇ ಎಳೆದುಕೊಳ್ಳುತ್ತವೆ. ಹಾಗಾಗಿ ಆ ವೈರಿಗೆ ಬೆಸುಗೆ ಹಾಕಬಾರದು, ಕನೆಕ್ಟರಿಗೆ ಗ್ರೀಸ್ ತುಂಬಬಾರದು. ಸೇರಿಸಲೇಬೇಕಾದರೆ ಕ್ರಿಂಪ್ ಮಾಡಿ.

ಮನೆ ಮುಂದೆ ಜಾಗ ಇಲ್ಲದವರಿಗೆ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆ ಕೊಡುವ ಸ್ವಯಂಸೇವೆಯ ಗ್ಯಾರೇಜುಗಳು ಹಲವು ಊರುಗಳಲ್ಲಿವೆ.

ಎಪಿಕೆ ಲೆಕ್ಕ

ಊರಿನಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಡಬ್ಬಿಯಲ್ಲಿ ಐದು ನಿಮಿಷಕ್ಕೆ ಚೀಟಿ ಸಿಗುತ್ತಿತ್ತು. ಇಲ್ಲಿ ಹೊಗೆ ತಪಾಸಣೆ ಎಪಿಕೆಯ ಒಂದು ಭಾಗ. ಎಂಟು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಎಪಿಕೆ ಪ್ರತಿ ವರ್ಷ. ಅವಧಿ ಮುಗಿದರೆ ರಸ್ತೆಯಲ್ಲಿ ಪೊಲೀಸರು ಹಿಡಿಯಬೇಕಿಲ್ಲ, ಆರ್‌ಡಿಡಬ್ಲ್ಯೂ ದಾಖಲೆ ನೋಡಿಯೇ ದಂಡ ಹಾಕಿಸುತ್ತದೆ. ಒಂದು ಅನುಕೂಲ ನೆನಪಿಡಿ: ಕೊನೆಯ ದಿನಕ್ಕಿಂತ ಎರಡು ತಿಂಗಳ ಒಳಗೆ ಮೊದಲೇ ಮಾಡಿಸಿದರೆ ನಿಮ್ಮ ಹಳೆಯ ತಾರೀಖು ಹಾಗೇ ಉಳಿಯುತ್ತದೆ. ಮೊದಲೇ ಹೋದರೆ ನಷ್ಟ ಇಲ್ಲ. ತೊಂದರೆ ಸಿಕ್ಕರೆ ನಿಧಾನವಾಗಿ ಹುಡುಕಲು ಎರಡು ತಿಂಗಳು ಸಿಗುತ್ತದೆ. ಕೊನೆಯ ವಾರ ಹೋದವರೇ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ದುಡ್ಡು ಕೊಡುವುದು.

ಇನ್ನೊಂದು ಮಾತು. ಎಪಿಕೆಯ ಹಿಂದಿನ ರಾತ್ರಿ ಕೋಡು ಅಳಿಸಿ ಹೋದರೆ ಆಯಿತು ಅಂದುಕೊಳ್ಳಬೇಡಿ. ಅಳಿಸಿದಾಗ ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ದಾಖಲೆಯೂ ಅಳಿಯುತ್ತದೆ. ಅದು ಮತ್ತೆ ತುಂಬಲು ಕೆಲವು ದಿನದ ಓಟ ಬೇಕು. ಓದುವವರಿಗೆ ಅದು ಗೊತ್ತಾಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು

ಪ್ರಶ್ನೆ: ದೀಪ ಇಟ್ಟುಕೊಂಡೇ ಓಡಿಸಬಹುದಾ?
ಉತ್ತರ: ಹಳದಿ ದೀಪ ನಿಂತು ಉರಿಯುತ್ತಿದ್ದು, ಎಂಜಿನ್ ಮಾಮೂಲಾಗಿ ಓಡುತ್ತಿದ್ದರೆ ಮನೆಗೆ ಹೋಗಬಹುದು, ಆದರೆ ತಿಂಗಳುಗಟ್ಟಲೆ ಬಿಡಬೇಡಿ. ದೀಪ ಮಿಟುಕುತ್ತಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿಲ್ಲ, ಕನ್ವರ್ಟರ್ ಸುಡುತ್ತಿದೆ ಅಂತ ಅರ್ಥ. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ.

ಪ್ರಶ್ನೆ: ಗುಜರಿಯಿಂದ ಹಳೆಯ ಸೆನ್ಸರ್ ತಂದರೆ ನಡೆಯುತ್ತದಾ?
ಉತ್ತರ: ಕನೆಕ್ಟರ್, ಕ್ಲಿಪ್, ವೈರಿನ ತುಂಡು ತನ್ನಿ, ಒಳ್ಳೆಯದೇ. ಸೆನ್ಸರ್ ಬೇಡ. ಅದರ ಆಯಸ್ಸು ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ: ಡಚ್ ಸರಿಯಾಗಿ ಬರಲ್ಲ. ಗ್ಯಾರೇಜಿನಲ್ಲಿ ಏನಂತ ಹೇಳಲಿ?
ಉತ್ತರ: ಎರಡು ಪದ ಸಾಕು. “ಔಟ್‌ಲೇಜನ್” ಅಂದರೆ ಕೋಡು ಓದುವುದು, “ನೀಟ್ ವಿಸ್ಸನ್” ಅಂದರೆ ಅಳಿಸಬೇಡಿ. ಓದಿದ ಕಾಗದದ ಪ್ರತಿ ಕೇಳಿ ಪಡೆಯಿರಿ. ಸೆನ್ಸರ್ ಬದಲಿಸಬೇಕು ಅಂದರೆ ಹೀಟರ್ ಅಳೆದಿರಾ, ಎಷ್ಟು ಓಮ್ ಬಂತು ಅಂತ ಮರ್ಯಾದೆಯಿಂದ ಕೇಳಿ. ಅಳೆದವರು ಅಂಕಿ ಹೇಳುತ್ತಾರೆ. ಅಂಕಿ ಬಾರದಿದ್ದರೆ ಯೋಚನೆ ಮಾಡಿ ಹೇಳುತ್ತೇನೆ ಅಂತ ಕಾರು ತೆಗೆದುಕೊಂಡು ಬನ್ನಿ.

ಪ್ರಶ್ನೆ: ನೋಟ್‌ಬುಕ್ ಬದಲು ಫೋನಿನಲ್ಲಿ ಬರೆದರೆ ಆಗಲ್ವಾ?
ಉತ್ತರ: ಆಗುತ್ತೆ. ಆದರೆ ಗಾಡಿ ನಿಲ್ಲಿಸಿ ಬರೆಯಿರಿ. ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದರೆ ಬರುವ ದಂಡ ಸೆನ್ಸರಿಗಿಂತ ದುಬಾರಿ!

ಹೊರಗೆ ಪಾರ್ಕಿಂಗ್‌ನಲ್ಲಿ ನನ್ನ ಅಡಾಪ್ಟರ್ ಇದೆ. ದೀಪ ಉರಿಯುತ್ತಿರುವವರು ಒಬ್ಬೊಬ್ಬರಾಗಿ ಬನ್ನಿ, ಕಾಫಿ ಆರುವುದರೊಳಗೆ ಓದಿ ಕೊಡುತ್ತೇನೆ.